ಗಾಳಿ ನೋಡಿ ಇಟ್ಟ ಕಲ್ಲು

ಬೇಸಿಗೆಯಲ್ಲಿ ಇಡೀ ಕಾಡಿಗೆ ಉಳಿದಿದ್ದು ಒಂದೇ ಹೊಂಡ, ಅದೂ ಸೀಳುನಾಯಿಗಳ ವಶದಲ್ಲಿ. ನೀರಿಲ್ಲದೆ ಜಿಂಕೆಮರಿಗಳು ಸಾಯುತ್ತಿದ್ದವು. ಕೊನೆಗೆ ಸೀಳುನಾಯಿಗಳ ನಾಯಕ ಮಾತುಕತೆಗೆ ಬರಲು ಒಪ್ಪಿದ.

ವ್ಯವಸ್ಥೆಯೆಲ್ಲ ಮೊಲದ್ದು. ಅದು ಮೂರು ದಿನ ಹುಲ್ಲು ಯಾವ ಕಡೆ ಬಾಗುತ್ತದೆಂದು ನೋಡಿ ಎರಡು ಕಲ್ಲು ಇಡಿಸಿತು. ಗಾಳಿ ಬರುವ ಕಡೆಯ ದಿಬ್ಬದ ಮೇಲೆ ಅತಿಥಿಗೆ ಒಂದು, ಕೆಳಗೆ ಜಿಂಕೆರಾಯನಿಗೆ ಒಂದು.

ಜಿಂಕೆರಾಯ ಕೊಂಬಿಗೆ ಹೂಬಳ್ಳಿ ಸುತ್ತಿಕೊಂಡು ಮದುಮಗನ ಥರ ಬಂದ. ಕಲ್ಲು ನೋಡಿದ್ದೇ ಮುಖ ಊದಿಸಿದ.

"ಏನಯ್ಯಾ, ಇಲ್ಲಿ ರಾಜ ನಾನಾ, ಅವನಾ?"

"ಗಾಳಿ ನೋಡಿ ಇಟ್ಟಿದ್ದೀನಿ ಬುದ್ಧಿ. ನಿಮ್ಮ ವಾಸನೆ ಅವರ ಮೂಗಿಗೆ ಹೋಗಬಾರದು."

"ಇಷ್ಟು ಹೂ ಮುಡಿದಿದ್ದೀನಿ, ನನ್ನದೇನು ಕೆಟ್ಟ ವಾಸನೆಯಾ?"

"ಕೆಟ್ಟದಾಗಿದ್ದರೆ ಚಿಂತೆಯೇ ಇರಲಿಲ್ಲ ಬುದ್ಧಿ."

ರಾಯ ಕೇಳಲಿಲ್ಲ. ದಿಬ್ಬ ಹತ್ತಿ ಕೂತೇಬಿಟ್ಟ.

ನಾಯಕ ಬಂದು ಮರ್ಯಾದೆಯಿಂದ ಕೆಳಗೇ ಕೂತ. ಮಾತು ಚೆನ್ನಾಗಿಯೇ ನಡೆಯಿತು. ಹೊಂಡ ಬೆಳಿಗ್ಗೆ ಜಿಂಕೆಗಳಿಗೆ, ಸಂಜೆ ನಾಯಿಗಳಿಗೆ ಎಂದಾಯಿತು. ಒಪ್ಪಂದಕ್ಕೆ ನಾಯಕ ಕೆಸರಿನಲ್ಲಿ ಪಂಜ ಒತ್ತುವುದೊಂದೇ ಬಾಕಿ, ಅಷ್ಟರಲ್ಲಿ ಗಾಳಿ ಬೀಸಿತು. ಎತ್ತಿದ ಪಂಜ ಹಾಗೇ ನಿಂತಿತು. ಬಾಯಿಂದ ಜೊಲ್ಲು ಇಳಿಯಿತು.

"ರಾಯರೇ, ಬೇಗ ಎದ್ದು ಓಡಿ," ಎಂದ ನಾಯಕ, ಕಣ್ಣು ಮುಚ್ಚಿಕೊಂಡು. "ಮಾತು ಕೊಟ್ಟಿದ್ದು ನಾನು. ನನ್ನ ಹಸಿವು ಕೊಟ್ಟಿಲ್ಲ."

ರಾಯ ಓಡಿದ. ಕೆಸರು ಗುರುತಿಲ್ಲದೆ ಒಣಗಿತು.

ಅವತ್ತಿನಿಂದ ಜಿಂಕೆಗಳು ಕದ್ದೇ ನೀರು ಕುಡಿಯುತ್ತವೆ. ಒಂದೊಂದು ಗುಟುಕಿಗೂ ಮೂರು ಸಲ ತಲೆ ಎತ್ತಿ, ಗಾಳಿ ಯಾವ ಕಡೆಯದು ಅಂತ ನೋಡುತ್ತವೆ.