ಕೂತವರಲ್ಲೇ ಆರಿಸುವ ದೊರೆ

ಹಾಲಗುಂದಿಯ ದೊರೆ ಬಸವಂತನಿಗೆ ತನ್ನನ್ನು ತಾನೇ ಹೊಗಳಿಕೊಳ್ಳುವುದೆಂದರೆ ಊಟಕ್ಕಿಂತ ಇಷ್ಟ. ಊಟವೂ ಕಮ್ಮಿ ಇಷ್ಟವೇನಲ್ಲ ಬಿಡಿ, ಹೊಟ್ಟೆ ನೋಡಿದರೇ ಗೊತ್ತಾಗುತ್ತಿತ್ತು.

ಅಂದು ಕುದುರೆ ಲಾಯಕ್ಕೆ ಹೊಸ ಮುಖ್ಯಸ್ಥನನ್ನು ಆರಿಸಬೇಕಿತ್ತು. ದೊರೆ ಮೀಸೆ ತಿರುವಿದ. "ನನ್ನ ರಾಜ್ಯದಲ್ಲಿ ಕುಲಗಿಲ, ಬಣ್ಣಗಿಣ್ಣ ಅನ್ನೋ ಭೇದವೇ ಇಲ್ಲ. ಇದೆ ಅಂತ ತೋರಿಸಿದವನಿಗೆ ನನ್ನ ಚಿನ್ನದ ಕಡಗ ಕೊಡ್ತೀನಿ."

ಆಸ್ಥಾನದಲ್ಲಿ ಕೋನಪ್ಪ ಅಂತ ಒಬ್ಬನಿದ್ದ. ಸುಮ್ಮನಿರು ಅಂದರೆ ಮೈ ಕೆರೆತ ಬರುತ್ತಿತ್ತು ಆ ಮನುಷ್ಯನಿಗೆ.

"ಪ್ರಭು, ಅಲ್ಲಿ ಬಾಗಿಲ ಹತ್ತಿರ, ಚಪ್ಪಲಿ ರಾಶಿ ಪಕ್ಕ ನಿಂತಿದ್ದಾನಲ್ಲ ದಿಯೋಗ ಸಿದ್ದಿ, ಅವನನ್ನು ಯಾಕೆ ಆರಿಸಬಾರದು?"

ದಿಯೋಗನ ಮುತ್ತಜ್ಜ ಆಫ್ರಿಕಾದಿಂದ ಹಡಗಿನಲ್ಲಿ ಬಂದವನು. ಕಪ್ಪು ಮೈ, ಗುಂಗುರು ಕೂದಲು. ಲಾಯದ ಕೆಲಸವನ್ನೆಲ್ಲ ಮಾಡುತ್ತಿದ್ದವನು ದಿಯೋಗ, ಮುಖ್ಯಸ್ಥರಾಗುತ್ತಿದ್ದವರು ಬೇರೆಯವರು. ಹಿಂದಿನವನಂತೂ ಕುದುರೆ ಸೀನಿದರೆ ಓಡಿಹೋಗುತ್ತಿದ್ದ. ಮೂರು ಸಲ ಕೈತಪ್ಪಿದ ಹುದ್ದೆ, ಇದು ನಾಲ್ಕನೆಯದು. ಪಾಪ, ದಿಯೋಗ ಒಗೆದ ಅಂಗಿ ಹಾಕಿಕೊಂಡು ಬಂದಿದ್ದ.

"ಸಭೆಯಲ್ಲಿ ಕೂತವರಲ್ಲೇ ಆರಿಸೋದು ನಮ್ಮ ವಾಡಿಕೆ," ಎಂದ ದೊರೆ. "ಅವನು ಕೂರೋದೇ ಇಲ್ಲ. ನಿಂತ್ಕೋ ಅಂತ ನಾನು ಯಾವತ್ತಾದರೂ ಹೇಳಿದ್ದೀನಾ?"

"ಇಲ್ಲ ಪ್ರಭು. ಮಂತ್ರಿಗಳೇ, ನೀವೇನಾದರೂ?"

"ಶಿವ ಶಿವಾ, ನಾನ್ಯಾಕೆ ಹೇಳಲಿ?" ಎಂದರು ಮಂತ್ರಿಗಳು.

ಕೋನಪ್ಪ ತಿರುಗಿದ. "ಹಾಗಾದರೆ ನೀನ್ಯಾಕಪ್ಪಾ ಕೂರಲ್ಲ?"

"ಒಂದು ಸಲ ಕೂತಿದ್ದೆ ಅಣ್ಣಾ. ಯಾರೂ ಏನೂ ಅನ್ನಲಿಲ್ಲ. ಪಕ್ಕದವರು ಎದ್ದು ಆಚೆ ಹೋದರು. ಅವರ ಪಕ್ಕದವರೂ ಹೋದರು. ನಾಚಿಕೆಯಾಗಿ ನಾನೂ ಎದ್ದುಬಿಟ್ಟೆ."

ಸಭೆ ಗಂಟಲು ಸರಿಮಾಡಿಕೊಂಡಿತು.

"ಪ್ರಭು," ಎಂದ ಕೋನಪ್ಪ, "ಒಂದು ಗಳಿಗೆ ಬಾಗಿಲ ಹತ್ತಿರ ನಿಂತು ನೋಡ್ತೀರಾ, ಅಲ್ಲಿಂದ ಸಭೆ ಹೇಗೆ ಕಾಣುತ್ತೆ ಅಂತ? ದಿಯೋಗ, ನೀನು ಬಂದು ಕೂತ್ಕೋ."

ದೊರೆ ಎದ್ದು ಹೋಗಿ ನಿಂತದ್ದೇ ತಡ, ಇಡೀ ಆಸ್ಥಾನ ದಡಬಡ ಎದ್ದು ಹಿಂದೆಯೇ ಓಡಿತು. ಸೇನಾಪತಿ ಯಾರದೋ ಚಪ್ಪಲಿ ಮೇಲೆ ಜಾರಿದ. ಮಂತ್ರಿಗಳ ಹೊಟ್ಟೆಗೂ ಗೋಡೆಗೂ ನಡುವೆ ಸಿಕ್ಕ ಕವಿಗಳು ಉಸಿರಿಗೆ ಒದ್ದಾಡಿದರು.

"ಇದೇನ್ರಯ್ಯಾ, ಎದ್ದು ಬನ್ನಿ ಅಂತ ಯಾರು ಹೇಳಿದರು?" ದೊರೆ ಕೇಳಿದ.

"ಯಾರೂ ಹೇಳಿಲ್ಲ ಪ್ರಭು. ಇಂಥದ್ದನ್ನೆಲ್ಲ ಹೇಳಬೇಕೆ?" ಎಂದರು ಮಂತ್ರಿಗಳು.

"ದಿಯೋಗನಿಗೂ ಯಾರೂ ಹೇಳಿರಲಿಲ್ಲ," ಎಂದ ಕೋನಪ್ಪ. "ಇರಲಿ, ಹೊತ್ತಾಯ್ತು. ಮುಖ್ಯಸ್ಥನನ್ನು ಆರಿಸಿ ಪ್ರಭು, ಕೂತವರಲ್ಲೇ."

ದೊರೆ ನೋಡಿದ. ಅಷ್ಟು ದೊಡ್ಡ ಜಮಖಾನದ ಮೇಲೆ ದಿಯೋಗನೊಬ್ಬನೇ ಕೂತಿದ್ದ. ದೊರೆಗೆ ಮೊದಲು ನಾಚಿಕೆಯಾಯಿತು, ಆಮೇಲೆ ತಡೆಯಲಾರದಷ್ಟು ನಗು ಬಂತು. ದಿಯೋಗನಿಗೆ ಮುಖ್ಯಸ್ಥನ ಪೇಟ ತೊಡಿಸಿದ, ಕೋನಪ್ಪನಿಗೆ ಕಡಗ ಕೊಟ್ಟ.

ಬಾಗಿಲಲ್ಲಿ ಇನ್ನೂ ನಿಂತಿದ್ದ ಮಂತ್ರಿಗಳು ಮೆಲ್ಲಗೆ ಕೇಳಿದರು, "ನಾವೀಗ ಏನು ಮಾಡೋದು ಕೋನಪ್ಪಾ?"

"ಹೋಗಿ ದಿಯೋಗನ ಪಕ್ಕ ಕೂತ್ಕೊಳ್ಳಿ ಸ್ವಾಮಿ. ನೋಡಿ, ಇದೊಂದನ್ನು ಮಾತ್ರ ನಿಮಗೆ ಬಾಯಿಬಿಟ್ಟು ಹೇಳಬೇಕಾಯ್ತು."