ಶನಿವಾರದ ಊಟ

"ಗುರುಗಳೇ, ಹಣ ಮುಟ್ಟುವುದನ್ನು ಬಿಟ್ಟ ಮೇಲೆ ಊರವರೆಲ್ಲ ನನಗೆ ನೆಂಟರಾಗಿದ್ದಾರೆ. ಇವತ್ತು ಸಾಹುಕಾರರು ತಾವೇ ನಿಂತು ತುಪ್ಪ ಬಡಿಸಿದರು. ಮನುಷ್ಯರ ನಡುವೆ ಅಡ್ಡ ನಿಂತಿರುವುದು ಹಣವೊಂದೇ ಅಲ್ಲವೇ?" ಎಂದು ಮರಿದೇವ ಕೇಳಿದ.

ಗುರುಗಳು ನಕ್ಕರು. ಆ ನಗುವಿನಲ್ಲಿ ಸಂತೋಷವಿರಲಿಲ್ಲ. "ಕೂತುಕೋ ಮಹಾರಾಯ. ಹೊಟ್ಟೆ ತುಂಬಿದೆಯಲ್ಲ, ಕತೆ ಕೇಳು" ಎಂದರು.

ಒಬ್ಬ ನೇಕಾರನಿದ್ದ. ಹೆಂಡತಿ ಮಕ್ಕಳಿರಲಿಲ್ಲ. ಹಣದ ಸಹವಾಸವೇ ಬೇಡವೆಂದು ಮಗ್ಗ ಬಿಟ್ಟು ಗುಡಿಯ ಜಗಲಿ ಸೇರಿದ. ಊರವರು ಅವನಿಗೆ ವಾರಾನ್ನ ಗೊತ್ತುಮಾಡಿದರು. ದಿನಕ್ಕೊಂದು ಮನೆಯಲ್ಲಿ ಊಟ. ಸೋಮವಾರ ಒಬ್ಬ ವರ್ತಕನ ಮನೆ. ಶನಿವಾರ, ಅದೇ ವರ್ತಕನ ಪಾತ್ರೆ ತೊಳೆಯುವ ವಿಧವೆಯ ಗುಡಿಸಲು. ಅವಳು ಮುದ್ದೆ, ಸೊಪ್ಪಿನ ಸಾರು ಇಕ್ಕುತ್ತಿದ್ದಳು. ಇವನು ಎದ್ದ ಮೇಲೆ ಉಳಿದಿದ್ದರೆ ತಾನು ಉಣ್ಣುತ್ತಿದ್ದಳು. ಅಣ್ಣ ಎಂದು ಕರೆಯುತ್ತಿದ್ದಳು, ಪಾಪ.

ಒಂದು ಸೋಮವಾರ ಉಣ್ಣುತ್ತಿದ್ದಾಗ, ವರ್ತಕನ ಮಗ ಬೆಳ್ಳಿಯ ಲೋಟವನ್ನು ಪಂಚೆಯೊಳಗೆ ಅಡಗಿಸಿಕೊಂಡು ಹೋದದ್ದನ್ನು ಇವನು ಕಂಡ. ಸಂಜೆಗೆ ಲೋಟ ಇಲ್ಲವೆಂದು ಗಲಾಟೆಯೆದ್ದಿತು. ವರ್ತಕ ಕಳವನ್ನು ವಿಧವೆಯ ತಲೆಗೆ ಕಟ್ಟಿದ.

ಚಾವಡಿಯಲ್ಲಿ ಅವಳು ಇವನ ಕಡೆ ತಿರುಗಿದಳು. "ಅಣ್ಣಾ, ನೀನು ಅಲ್ಲೇ ಇದ್ದೆಯಲ್ಲ. ಕಂಡದ್ದು ಹೇಳಪ್ಪ" ಎಂದು ಬೇಡಿದಳು.

ವರ್ತಕನೂ ಇವನ ಮುಖ ನೋಡಿದ. ಮಗ್ಗವಿದ್ದ ಕಾಲದಲ್ಲಿ ಇದೇ ನೇಕಾರ ಇದೇ ವರ್ತಕನಿಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡಿದವನು. ಈಗ ಲೆಕ್ಕ ಹಾಕಿದ. ನಿಜ ಹೇಳಿದರೆ ಸೋಮವಾರ ಹೋಗುತ್ತದೆ. ವರ್ತಕನಿಗೆ ಹೆದರಿ ಉಳಿದವರೂ ಬಾಗಿಲು ಹಾಕಿಕೊಳ್ಳುತ್ತಾರೆ.

"ಎಲೆಯ ಮುಂದೆ ಕೂತಾಗ ನಾನು ತಲೆ ಎತ್ತುವುದಿಲ್ಲ" ಎಂದ, ಆ ವಿರಾಗಿ!

ಅವಳನ್ನು ಊರು ಬಿಡಿಸಿದರು. ಗಂಟು ಹೊತ್ತು ಗುಡಿಯ ಮುಂದೆಯೇ ಹಾದುಹೋದಳು. ಜಗಲಿಯತ್ತ ತಿರುಗಿ ನೋಡಲಿಲ್ಲ.

ಇವನಿಗೆ ಶನಿವಾರದ ಊಟ ತಪ್ಪಿತು. ಅದಕ್ಕೂ ವರ್ತಕನೇ ಆಳು ಕಳಿಸಿ ಹೇಳಿಸಿದ: "ಇನ್ನು ಮೇಲೆ ಶನಿವಾರವೂ ನಮ್ಮಲ್ಲೇ ಆಗಲಿ."

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

"ಥೂ! ಹೋಗಿ ಉಂಡನೇ ಅವನು?" ಎಂದ ಮರಿದೇವ.

"ಉಂಡ. ಪಾಯಸವೂ ಇತ್ತಂತೆ. ಅದಿರಲಿ, ನಿನಗೆ ತುಪ್ಪ ಬಡಿಸಿದನಲ್ಲ ಆ ಸಾಹುಕಾರ, ಅವನು ಎಂಥ ಮನುಷ್ಯ, ಹೇಳು ನೋಡೋಣ?"

ಮರಿದೇವ ತಲೆ ಎತ್ತಲಿಲ್ಲ.