ಸಾರಿ ಎಂದ ತಮ್ಮ

‘ಮರುಳಪ್ಪನವರಿಗೆ ಸಾರಿ ಹೇಳಿಯಾಗಿದೆ, ಗುರುಗಳೇ. ಆದರೂ ಅವರು ನನ್ನ ಮುಖ ನೋಡುತ್ತಿಲ್ಲ. ಇನ್ನೇನು ಹೇಳಬೇಕು?’ ಎಂದು ಶಿಷ್ಯ ಕೇಳಿದ.

ಮರುಳಪ್ಪ ಮಠದ ಅಡುಗೆಯವನು. ಊರಿನಲ್ಲಿದ್ದ ಅವನ ಅಣ್ಣನಿಗೆ ಕಾಯಿಲೆ ಜೋರಾಗಿತ್ತು. ತಮ್ಮನಿಗೆ ಏನೋ ಹೇಳುವುದಿದೆ, ಕೂಡಲೇ ಬರಲಿ ಎಂದು ಮಠಕ್ಕೆ ಫೋನು ಬಂತು. ಫೋನು ಎತ್ತಿಕೊಂಡವನು ಶಿಷ್ಯ. ಹೇಳುತ್ತೇನೆ ಎಂದವನು ಬೇರೆ ಕೆಲಸದ ನಡುವೆ ಮರೆತ. ನೆನಪಾಗಿ ಹೇಳಿದ್ದು ಮಾರನೆಯ ದಿನ. ಮರುಳಪ್ಪ ಊರು ಮುಟ್ಟುವಷ್ಟರಲ್ಲಿ ಅಣ್ಣನಿಗೆ ಮಾತು ನಿಂತುಹೋಗಿತ್ತು. ಅಣ್ಣ ಇನ್ನೂ ಬದುಕಿದ್ದಾನೆ, ಕಣ್ಣು ಬಿಡುತ್ತಾನೆ. ಅವನು ಹೇಳಬೇಕೆಂದಿದ್ದು ಏನು ಎಂಬುದು ಮಾತ್ರ ಇನ್ನು ಯಾರಿಗೂ ತಿಳಿಯುವಂತಿಲ್ಲ. ಮರುಳಪ್ಪ ಹಿಂದಿರುಗಿ ಬಂದು ಎಂದಿನಂತೆ ಅಡುಗೆ ಮಾಡುತ್ತಿದ್ದಾನೆ. ಶಿಷ್ಯನ ಎಲೆಗೂ ಎಂದಿನಂತೆ ಬಡಿಸುತ್ತಾನೆ.

‘ಸಾರಿ ಎಂದೆಯಾ? ಬಹಳ ಕೆಲಸಕ್ಕೆ ಬರುವ ಮಾತು. ಕೂತುಕೋ’ ಎಂದು ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಕ್ಕ, ಒಬ್ಬ ತಮ್ಮ ಇದ್ದರು. ತಾಯಿ ಬೇಗ ತೀರಿಕೊಂಡಳು. ತಮ್ಮನನ್ನು ಸಾಕಿದವಳು ಅಕ್ಕ. ಇಬ್ಬರೂ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದರು. ಬೆಳಿಗ್ಗೆ ಏಳುವ ಅವಸರದಲ್ಲಿ ತಮ್ಮನ ಕಾಲು ಅಕ್ಕನಿಗೆ ತಾಗುತ್ತಿತ್ತು. ಕಾಲು ತಾಗಿದರೆ ಏನು ಮಾಡಬೇಕೆಂದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬಗ್ಗಬೇಕು, ತಾಗಿದವರನ್ನು ಕೈಯಿಂದ ಮುಟ್ಟಬೇಕು, ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳಬೇಕು. ಅಕ್ಕ ಅದನ್ನು ಅವನಿಗೆ ಕಲಿಸಿದಳು. ಅವನು ಕಣ್ಣಿಗೆ ಒತ್ತಿಕೊಂಡ ಮೇಲೆ ಅವಳು ಅವನ ತಲೆ ಸವರುತ್ತಿದ್ದಳು. ಅಲ್ಲಿಗೆ ಅದು ಮುಗಿಯುತ್ತಿತ್ತು. ಇಬ್ಬರೂ ಬಾಯಿ ತೆರೆಯುತ್ತಿರಲಿಲ್ಲ.

ತಮ್ಮ ಬೆಳೆದು ಪೇಟೆ ಸೇರಿದ, ಪಾತ್ರೆ ಅಂಗಡಿ ಇಟ್ಟ. ಪೇಟೆಯಲ್ಲಿ ಅವನು ಕಲಿತ ಮೊದಲ ಇಂಗ್ಲಿಷ್ ಮಾತು ಸಾರಿ. ಜನರನ್ನು ತಳ್ಳಿಕೊಂಡು ಬಸ್ಸು ಹತ್ತುವಾಗ ಸಾರಿ. ತಳ್ಳಿದ ಮೇಲೂ ಸಾರಿ. ಗಿರಾಕಿ ಹೇಳಿದ್ದು ಕಿವಿಗೆ ಬೀಳದಿದ್ದರೆ ಸಾರಿ ಎಂದರೆ ಆಯಿತು, ಇನ್ನೊಮ್ಮೆ ಹೇಳುತ್ತಾರೆ. ಕೇಳಿದ ಕೊಳಗ ಅಂಗಡಿಯಲ್ಲಿ ಇಲ್ಲವೆನ್ನಲು, ಮಾರಿದ ಕೊಳಗವನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವೆನ್ನಲು ಅದೇ ಮಾತು. ಯಾರನ್ನಾದರೂ ಬೈಯಬೇಕಾದರೆ ಮೊದಲು ಸಾರಿ ಎಂದು ಆಮೇಲೆ ಬೈಯಬಹುದು. ಸಾವಿನ ಮನೆಗೆ ಹೋದರೂ ಬಾಗಿಲಲ್ಲಿ ಅದನ್ನೇ ಹೇಳಿ ಬರಬಹುದು. ಆ ಮಾತಿನೊಳಗೆ ದುಃಖ ಎಂಬ ಅರ್ಥವೂ ಇದೆಯಂತೆ, ಬಲ್ಲವರು ಹೇಳುತ್ತಾರೆ. ಪಾತ್ರೆ ವ್ಯಾಪಾರಿಗೆ ಆ ಅರ್ಥದ ಅಗತ್ಯವೇ ಬೀಳಲಿಲ್ಲ. ಅವನು ಕಂಡುಕೊಂಡದ್ದು ಇಷ್ಟೇ: ಎಲ್ಲಿ ಹೇಳಿದರೂ, ಯಾವುದಕ್ಕೆ ಹೇಳಿದರೂ, ಜನ ಇರಲಿ ಬಿಡಿ ಎನ್ನುತ್ತಾರೆ. ಒಂದೇ ಬೀಗದ ಕೈಯಲ್ಲಿ ಊರಿನ ಬಾಗಿಲೆಲ್ಲ ತೆರೆದರೆ ಯಾರು ತಾನೇ ಬೇಡವೆನ್ನುತ್ತಾರೆ?

ಅಕ್ಕನಿಗೆ ಒಬ್ಬಳೇ ಮಗಳು. ಆ ಹುಡುಗಿಗೆ ಮದುವೆ ಗೊತ್ತಾಯಿತು. ಮದುವಣಗಿತ್ತಿಯನ್ನು ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಅದು ತಂದೆಯ ಕೆಲಸವಲ್ಲ, ದುಡ್ಡು ಕೊಟ್ಟು ಮಾಡಿಸುವ ಕೆಲಸವೂ ಅಲ್ಲ. ಅಕ್ಕ ತಾನೇ ಪೇಟೆಗೆ ಬಂದು ತಮ್ಮನಿಗೆ ಹೇಳಿ ಹೋದಳು. ‘ಬೇರೇನೂ ತರಬೇಡ. ಹೊತ್ತಿಗೆ ಸರಿಯಾಗಿ ನೀನು ಬಾ’ ಎಂದಳು.

ಮದುವೆಯ ಬೆಳಿಗ್ಗೆ ತಮ್ಮ ಹೊಸ ಪಂಚೆ ಉಟ್ಟು ಹೊರಟಿದ್ದ. ಅಂಗಡಿಯ ಮುಂದೆ ದೊಡ್ಡ ಗಿರಾಕಿಯೊಬ್ಬ ಬಂದು ನಿಂತ. ಇವನನ್ನು ಕಳಿಸಿ ಹೊರಟರಾಯಿತು ಎಂದುಕೊಂಡ. ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ನೋಡು ಬೇಸರದ ಸಂಗತಿ, ಕೆಟ್ಟದ್ದೇನೂ ಇರಲಿಲ್ಲ.

ಅಲ್ಲಿ ಹುಡುಗಿ ಸಿಂಗಾರವಾಗಿ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಪುರೋಹಿತರು ಕರೆದರು. ಅಕ್ಕ, ಈಗ ಬರ್ತಾನೆ ಎಂದಳು. ಮತ್ತೆ ಕರೆದರು. ಅವಳು ಬೀದಿಯವರೆಗೆ ಹೋಗಿ ನೋಡಿ ಬಂದಳು. ಮುಹೂರ್ತ ಮೀರುತ್ತದೆ ಎಂದಾಗ ಪಕ್ಕದ ಮನೆಯ ಯಜಮಾನ ಎದ್ದು, ಬಾರಮ್ಮ ಎಂದು ಹುಡುಗಿಯ ಕೈಹಿಡಿದು ಕರೆದುಕೊಂಡು ಹೋದ.

ತಮ್ಮ ಬಂದಾಗ ಜನ ಊಟಕ್ಕೆ ಕೂತಿದ್ದರು. ಅಕ್ಕ ತುಪ್ಪದ ಪಾತ್ರೆ ಹಿಡಿದು ಎದುರಿಗೆ ಬಂದಳು. ಅವನನ್ನು ಕಂಡು ನಿಂತಳು. ಅವನು ನಡೆಯುತ್ತಲೇ, ‘ಸಾರಿ ಅಕ್ಕ, ಗಿರಾಕಿ ಬಂದ್ಬಿಟ್ಟ’ ಎಂದ.

‘ಇರ್ಲಿ ಬಿಡು. ಊಟ ಮಾಡು’ ಎಂದಳು ಅಕ್ಕ.

ಅವನು ಕೂತು ಊಟ ಮಾಡಿದ. ಹೋಳಿಗೆ ಚೆನ್ನಾಗಿತ್ತು, ಇನ್ನೊಂದು ಹಾಕಿಸಿಕೊಂಡ.

ಅಕ್ಕ ಆಮೇಲೆ ಸಿಟ್ಟು ತೋರಿಸಲಿಲ್ಲ. ಹಬ್ಬಕ್ಕೆ ಕರೆದಳು, ಉಪ್ಪಿನಕಾಯಿ ಹಾಕಿದಾಗ ಒಂದು ಭರಣಿ ಕಳಿಸಿದಳು. ಆದರೆ ಅವನನ್ನು ಮತ್ತೆ ಯಾವ ಕೆಲಸಕ್ಕೂ ಕೇಳಲಿಲ್ಲ. ಮನೆಯ ಹೆಂಚು ಒಡೆದಾಗ ಪಕ್ಕದ ಮನೆಯವರಿಗೆ ಹೇಳಿದಳು. ಆಸ್ಪತ್ರೆಗೂ ಅವರ ಜೊತೆಯಲ್ಲೇ ಹೋಗಿಬಂದಳು. ನಮ್ಮಕ್ಕ ಯಾರಿಗೂ ತೊಂದರೆ ಕೊಡುವವಳಲ್ಲ ಎಂದು ತಮ್ಮ ಪೇಟೆಯಲ್ಲಿ ಹೊಗಳಿಕೊಂಡ. ಪಾಪ, ಅವನಿಗೆ ಹಾಗೆಯೇ ಕಂಡಿತ್ತು.

ಎಷ್ಟೋ ವರ್ಷಗಳ ಮೇಲೆ ಅವನು ಗಿರಾಕಿಯೊಬ್ಬನ ಮನೆಯ ಮದುವೆಗೆ ಹೋದ. ಮುಂದಿನ ಸಾಲಿನಲ್ಲಿ ಕೂತಿದ್ದ. ಸೋದರಮಾವ ಮದುವಣಗಿತ್ತಿಯನ್ನು ಕರೆತಂದ. ಅವರು ಅವನ ಪಕ್ಕದಲ್ಲೇ ಹಾದುಹೋದರು. ಮಾವ ಹುಡುಗಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಪಾತ್ರೆ ವ್ಯಾಪಾರಿ ತನ್ನ ಕೈ ನೋಡಿಕೊಂಡ. ಊಟಕ್ಕೆ ನಿಲ್ಲದೆ ಎದ್ದು ಅಕ್ಕನ ಊರಿನ ಬಸ್ಸು ಹತ್ತಿದ.

ಅಕ್ಕನಿಗೆ ವಯಸ್ಸಾಗಿತ್ತು. ಗೋಡೆಗೆ ಒರಗಿ, ಕಾಲು ಚಾಚಿ ನೆಲದ ಮೇಲೆ ಕೂತಿದ್ದಳು. ತಮ್ಮ ಅವಸರದಲ್ಲಿ ಒಳಗೆ ಬಂದ. ಅವನ ಕಾಲು ಅವಳ ಕಾಲಿಗೆ ತಾಗಿತು.

‘ಸಾರಿ’ ಎಂದ.

‘ಇರ್ಲಿ ಬಿಡು’ ಎಂದಳು.

ಅವನು ಎದುರಿಗೆ ಕೂತ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿಕೊಂಡು ಬಂದಿದ್ದ. ಈಗ ಬಾಯಿಯೊಳಗೆ ಹುಡುಕಿದ. ಅಲ್ಲಿದ್ದದ್ದು ಒಂದೇ ಮಾತು. ಕಾಲು ತಾಗಿದ್ದಕ್ಕೆ ಈಗಷ್ಟೇ ಹೇಳಿ ಮುಗಿಸಿದ್ದ ಮಾತು. ಬೇರೆ ಇಲ್ಲದೆ ಅದನ್ನೇ ಹೇಳಿದ. ‘ಅವತ್ತು ಮದುವೇಲಿ... ಸಾರಿ, ಅಕ್ಕ.’

ಅಕ್ಕ ಕಾದಳು. ಇನ್ನೇನೋ ಇದೆ ಎಂದುಕೊಂಡಿದ್ದಳೋ ಏನೋ. ಕೊನೆಗೆ ಅವಳೇ, ‘ಚಿಕ್ಕೋನಿದ್ದಾಗ ಬಗ್ತಿದ್ದೆ, ತಮ್ಮಾ’ ಎಂದಳು. ಆಮೇಲೆ, ‘ಉಂಡ್ಕೊಂಡು ಹೋಗು’ ಎಂದಳು.

ಅವಳು ಹೇಳಿದ್ದು ಅವನಿಗೆ ಅಲ್ಲಿ ತಿಳಿಯಲಿಲ್ಲ. ಊಟ ಮಾಡಿ, ಬಸ್ಸಿನಲ್ಲಿ ಕೂತು, ಅರ್ಧ ದಾರಿ ಬಂದ ಮೇಲೆ ತಿಳಿಯಿತು. ಇಳಿದು ಹಿಂದಕ್ಕೆ ಹೋಗಬೇಕೆನಿಸಿತು. ಆದರೆ ಅಂಗಡಿ ಮುಚ್ಚಿ ಬಂದಿದ್ದ. ಹಬ್ಬ ಕಳೆಯಲಿ, ನಿಧಾನವಾಗಿ ಬಂದು ಒಂದು ದಿನ ಇದ್ದು ಹೋಗುತ್ತೇನೆ ಎಂದುಕೊಂಡ.

ಹಬ್ಬಕ್ಕೆ ಮೊದಲೇ ಅಕ್ಕ ತೀರಿಕೊಂಡಳು.

ಅವನು ಬಂದ. ಬಗ್ಗಿದ. ಅಕ್ಕನ ಪಾದವನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಅಲ್ಲೇ ಬಹಳ ಹೊತ್ತು ಬಗ್ಗಿಕೊಂಡಿದ್ದ. ಆದರೆ ಅವತ್ತು ಬಂದವರೆಲ್ಲರೂ ಅವಳ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಅವನು ಮಾಡಿದ್ದು ಬೇರೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಹಿಂದೆ ನಿಂತಿದ್ದವರು, ಸ್ವಲ್ಪ ದಾರಿ ಬಿಡಿ ಎಂದರು. ಅವನು ಎದ್ದು ಪಕ್ಕಕ್ಕೆ ಸರಿದ.

ಗುರುಗಳು ಕತೆ ನಿಲ್ಲಿಸಿದರು. ಅಡುಗೆಮನೆಯಿಂದ ಮರುಳಪ್ಪ ತರಕಾರಿ ಹೆಚ್ಚುವ ಸದ್ದು ಬರುತ್ತಿತ್ತು.

‘ಹಾಗಾದರೆ ಆ ಮಾತೇ ಕೆಟ್ಟದ್ದೇ, ಗುರುಗಳೇ?’ ಎಂದು ಶಿಷ್ಯ ಕೇಳಿದ. ‘ನಾನು ಕನ್ನಡದಲ್ಲಿ ಹೇಳಬೇಕಿತ್ತೇ?’

‘ಮಾತು ಪಾಪ ಏನು ಮಾಡಿತು? ಸಂತೆಯಲ್ಲಿ ತೋಳಿಗೆ ತೋಳು ತಾಗಿದರೆ ಅದಕ್ಕಿಂತ ಒಳ್ಳೆಯ ಮಾತು ನನಗೂ ಗೊತ್ತಿಲ್ಲ’ ಎಂದರು ಗುರುಗಳು. ಆಮೇಲೆ ಅಡುಗೆಮನೆಯ ಕಡೆ ಒಮ್ಮೆ ನೋಡಿ ಕೇಳಿದರು:

‘ಮರುಳಪ್ಪನಿಗೆ ಅದನ್ನು ಹೇಳುವಾಗ ನೀನು ನಿಂತಿದ್ದೆಯೋ, ನಡೆಯುತ್ತಿದ್ದೆಯೋ?’